ನಿಧಾನದ ನೋವಾ ಒಂದರ ರೋಹಿತ ಓದುವುದು ಹೇಗೆ: ವಿ1405 ಕ್ಯಾಸ್ ಇಟ್ಟುಕೊಂಡು ಹಂತ ಹಂತವಾಗಿ

ನೋವಾ, ಅಂದರೆ ಇದ್ದಕ್ಕಿದ್ದಂತೆ ಹೊಳಪೇರುವ ನಕ್ಷತ್ರ. ಅದರ ರೋಹಿತ (ಬಣ್ಣಬಣ್ಣವಾಗಿ ಬಿಡಿಸಿದ ಬೆಳಕು) ಓದಲು ಹೊರಟವರು ಸಾಮಾನ್ಯವಾಗಿ ಏನು ಮಾಡುತ್ತಾರೆ ಅಂದರೆ, ಒಂದು ಚೆನ್ನಾಗಿರುವ ರೋಹಿತ ಹಿಡಿದುಕೊಂಡು, ಕಂಡ ರೇಖೆಗಳಿಗೆಲ್ಲ ಹೆಸರು ಬರೆದು, ಕೊನೆಗೆ "ಇದು ಕಬ್ಬಿಣದ ವರ್ಗ" ಅಂತ ಷರಾ ಹಾಕಿ ಮುಗಿಸುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. 2021ರಲ್ಲಿ ವಿ1405 ಕ್ಯಾಸ್ ಎಂಬ ನೋವಾ ಬಂದ ಮೇಲೆ ಆ ಚಾಳಿ ಬಿಟ್ಟೆ. ಮಾರ್ಚ್‌ನಲ್ಲಿ ನೋಡಿದವರಿಗೆ ಅದು ಒಂದು ವರ್ಗ, ಮೇ ತಿಂಗಳಲ್ಲಿ ನೋಡಿದವರಿಗೆ ಇನ್ನೊಂದು, ಆಮೇಲೆ ನೋಡಿದವರಿಗೆ ಮತ್ತೆ ಹಳೇದೇ. ಮೂವರೂ ಸರಿ. ಹಾಗಾಗಿ ಇಲ್ಲಿ ಹೇಳುವುದು ಒಂದು ರೋಹಿತ ಓದುವ ಬಗೆಯನ್ನಲ್ಲ, ತಿಂಗಳುಗಟ್ಟಲೆ ತೆಗೆದ ಹತ್ತಾರು ರೋಹಿತಗಳನ್ನು ಸಾಲಾಗಿ ಓದುವ ಬಗೆ. ದೂರದರ್ಶಕ ಇಲ್ಲದಿದ್ದರೂ ಮಾಡಬಹುದು. ಒಂದು ಕಂಪ್ಯೂಟರ್, ಒಂದಿಷ್ಟು ತಾಳ್ಮೆ ಸಾಕು.

ಮೊದಲು ನಕ್ಷತ್ರದ ಜಾತಕ

2021ರ ಮಾರ್ಚ್ 18ರಂದು ಜಪಾನಿನ ಮಿಯೆ ಪ್ರಾಂತ್ಯದ ಹವ್ಯಾಸಿ ಯುಜಿ ನಕಾಮುರಾ, 135 ಎಂಎಂ ಲೆನ್ಸಿನಲ್ಲಿ ತೆಗೆದ ಚಿತ್ರಗಳಲ್ಲಿ ಇದನ್ನು ಕಂಡರು. ಆಗ ಕಾಂತಿಮಾನ 9.6 (ಈ ಸಂಖ್ಯೆ ಚಿಕ್ಕದಾದಷ್ಟೂ ಹೊಳಪು ಜಾಸ್ತಿ). ಜಾಗ ಕುಂತಿ, ಅಂದರೆ ಕ್ಯಾಸಿಯೋಪಿಯ ಪುಂಜದಲ್ಲಿ, ಎಂ52 ನಕ್ಷತ್ರಗುಚ್ಛದ ಪಕ್ಕ. ಕ್ಯೋಟೋ ವಿಶ್ವವಿದ್ಯಾಲಯದ 3.8 ಮೀಟರಿನ ಸೇಮೆಯ್ ದೂರದರ್ಶಕ ಸುಮಾರು 10 ಗಂಟೆಯೊಳಗೆ ಅದರ ರೋಹಿತ ತೆಗೆದುಬಿಟ್ಟಿತು. ನೋವಾ ಹತ್ತುವ ಹೊತ್ತಿಗೇ ಇಷ್ಟು ಬೇಗ ರೋಹಿತ ಸಿಗುವುದು ತೀರಾ ಅಪರೂಪ.

ಮುಂದಿನದು ವಿಚಿತ್ರ. ಮಾಮೂಲಿ ನೋವಾ ಸರ್ರನೆ ಏರಿ, ಆಮೇಲೆ ಇಳಿಯುತ್ತದೆ. ಇದು ಕೆಲವು ದಿನಗಳಲ್ಲಿ ಎಂಟರ ಆಸುಪಾಸಿಗೆ ಬಂದು, ಅಲ್ಲೇ ವಾರಗಟ್ಟಲೆ ಕೂತು, ಮೇ 9–10ರ ಹೊತ್ತಿಗೆ ಐದೂವರೆಯ ಸುತ್ತಮುತ್ತ ಮುಟ್ಟಿತು. ಕತ್ತಲ ಜಾಗದಲ್ಲಿ ಬರಿಗಣ್ಣಿಗೂ ಕಾಣುವಷ್ಟು. ಕಂಡು 50 ದಿನ ದಾಟಿದ ಮೇಲೆ ಶಿಖರ! ಅಲ್ಲಿಂದ ಇಳಿಯಿತು, ಮತ್ತೆ ಹತ್ತಿತು, ಮತ್ತೆ ಇಳಿಯಿತು. ತಿಂಗಳುಗಟ್ಟಲೆ ಇದೇ ಆಟ. 1967ರಲ್ಲಿ ಜಾರ್ಜ್ ಆಲ್ಕಾಕ್ ಕಂಡ ಎಚ್‌ಆರ್ ಡೆಲ್ಫಿನಿ ಕೂಡ ಹೀಗೇ ಜುಲೈನಲ್ಲಿ ಸಿಕ್ಕು, ಡಿಸೆಂಬರ್‌ನಲ್ಲಿ ಶಿಖರ ಮುಟ್ಟಿತ್ತು.

ಯಾಕೆ ನಿಧಾನ? ಶ್ವೇತಕುಬ್ಜವೊಂದು (ಉರಿದು ಮುಗಿದ ನಕ್ಷತ್ರದ ದಟ್ಟ ಒಡಲು) ಜೊತೆಯ ನಕ್ಷತ್ರದಿಂದ ಹೈಡ್ರೋಜನ್ ಎಳೆದು ಮೈಮೇಲೆ ಪೇರಿಸಿಕೊಳ್ಳುತ್ತದೆ. ತಳದಲ್ಲಿ ಬಿಸಿ, ಒತ್ತಡ ಮಿತಿಮೀರಿದಾಗ ಆ ಪದರ ಹೊತ್ತಿಕೊಳ್ಳುತ್ತದೆ. ಕುಬ್ಜ ಹಗುರವಾಗಿದ್ದರೆ ಹೊತ್ತಿಕೊಳ್ಳಲು ಜಾಸ್ತಿ ಸರಕು ಬೇಕು, ಹೊರಬೀಳುವುದೂ ನಿಧಾನಕ್ಕೆ. ಹಾಗಾಗಿ ನಿಧಾನದ ನೋವಾ ಅಂದರೆ ಹಗುರ ಕುಬ್ಜ ಅಂತ ವಾಡಿಕೆಯ ಊಹೆ. ಈ ನೋವಾ ಆ ಊಹೆಗೇ ಕೈಕೊಟ್ಟಿದ್ದು ಹೇಗೆ ಅನ್ನುವುದು ಕೊನೆಗೆ ಬರುತ್ತದೆ, ರೇಖೆಗಳ ಮೂಲಕವೇ.

ಹೆಜ್ಜೆ 1: ಬೆಳಕಿನ ವಕ್ರರೇಖೆ ಇಳಿಸಿಕೊಳ್ಳಿ

ರೋಹಿತಕ್ಕೆ ಕೈಹಾಕುವ ಮೊದಲು ಎಎವಿಎಸ್‌ಒ ಎಂಬ, ಹೊಳಪು ಬದಲಾಗುವ ನಕ್ಷತ್ರಗಳನ್ನು ನೋಡುವವರ ಸಂಸ್ಥೆಯ ದತ್ತಸಂಗ್ರಹದಿಂದ ಈ ನಕ್ಷತ್ರದ ಕಾಂತಿಮಾನದ ದಾಖಲೆಗಳನ್ನು ಇಳಿಸಿಕೊಳ್ಳಿ. ಉಚಿತ. ವಿ ಫಿಲ್ಟರಿನವು (ಹಸಿರು-ಹಳದಿ ಬೆಳಕಿನವು) ಸಾಕು. ಅಡ್ಡ ಅಕ್ಷದಲ್ಲಿ ಜೂಲಿಯನ್ ದಿನಾಂಕ, ಅಂದರೆ ತಿಂಗಳು ವರ್ಷ ಇಲ್ಲದೆ ದಿನಗಳನ್ನು ಒಂದೇ ಸಮನೆ ಎಣಿಸುವ ಲೆಕ್ಕ, ಹಾಕಿ. ಪತ್ತೆಯಾದದ್ದು ಸುಮಾರು 2459291.9. ಎಲ್ಲ ದಿನಾಂಕಗಳಿಂದ ಇದನ್ನು ಕಳೆದರೆ "ಎಷ್ಟನೇ ದಿನ" ಅನ್ನುವುದು ಸಿಗುತ್ತದೆ. ಈ ಚಿತ್ರವನ್ನು ಮುದ್ರಿಸಿ ಮೇಜಿನ ಮುಂದೆ ಅಂಟಿಸಿಕೊಳ್ಳಿ. ತಮಾಷೆಗೆ ಹೇಳುತ್ತಿಲ್ಲ. ಮುಂದೆ ಪ್ರತಿ ರೋಹಿತ ತೆರೆದಾಗಲೂ "ಇದು ಏರುವಾಗಿನದೋ, ಇಳಿಯುವಾಗಿನದೋ, ಎರಡು ಏರಿಕೆಗಳ ನಡುವಿನದೋ" ಅಂತ ಕೇಳಿಕೊಳ್ಳಬೇಕು.

ಹೆಜ್ಜೆ 2: ರೋಹಿತಗಳನ್ನು ಆರಿಸುವುದು

ಅರಾಸ್ ಎಂಬ ಹವ್ಯಾಸಿಗಳ ಗುಂಪು ನೋವಾಗಳ ರೋಹಿತಗಳನ್ನು ಎಲ್ಲರಿಗೂ ತೆರೆದಿಟ್ಟಿದೆ. ವಿ1405 ಕ್ಯಾಸ್‌ಗೆ ರಾಶಿ ರಾಶಿ ಸಿಗುತ್ತವೆ. ಎಲ್ಲವನ್ನೂ ಇಳಿಸಿಕೊಳ್ಳುವ ಆಸೆಗೆ ಬೀಳಬೇಡಿ. ಮೊದಲ ಸುತ್ತಿಗೆ ಹನ್ನೆರಡು ಸಾಕು: ಮೊದಲ ವಾರದ ಮೂರು, ಏಪ್ರಿಲ್‌ನ ಎರಡು, ಮೇ ಶಿಖರದ ಸುತ್ತ ಮೂರು, ಆಮೇಲಿನ ಏರಿಳಿತಗಳಿಂದ ಎರಡು, ಒಂದು ವರ್ಷ ಕಳೆದ ಮೇಲಿನವು ಎರಡು.

ಪ್ರತಿ ಕಡತದ ಬಿಡಿಸುವ ಶಕ್ತಿ (ಹತ್ತಿರದ ರೇಖೆಗಳನ್ನು ಬೇರೆ ಬೇರೆಯಾಗಿ ತೋರಿಸುವ ಸಾಮರ್ಥ್ಯ) ಎಷ್ಟು ಅಂತ ಬರೆದುಕೊಳ್ಳಿ. ಇದು 600 ಇದ್ದರೆ, ಬೆಳಕಿನ ವೇಗವನ್ನು 600ರಿಂದ ಭಾಗಿಸಿ: ಸೆಕೆಂಡಿಗೆ 500 ಕಿ.ಮೀ. ಅದಕ್ಕಿಂತ ಸಣ್ಣ ವೇಗವ್ಯತ್ಯಾಸ ಆ ರೋಹಿತದಲ್ಲಿ ಬಿಡಿಯಾಗಿ ಕಾಣುವುದಿಲ್ಲ. ಬಿಡಿಸುವ ಶಕ್ತಿ 100 ಇದ್ದರೆ ಮಿತಿ 3000 ಕಿ.ಮೀ. ಅಂಥದ್ದರಲ್ಲಿ ರೇಖೆ ಇದೆಯೋ ಇಲ್ಲವೋ ನೋಡಬಹುದು, ಆಕಾರ ನೋಡಲಾಗದು. 10,000 ದಾಟಿದ್ದರೆ ಹಬ್ಬ.

ಹೆಜ್ಜೆ 3: ತೆರೆದು ಅಳತೆ ಸರಿಮಾಡುವುದು

ಕಡತಗಳು ಫಿಟ್ಸ್ ಮಾದರಿಯಲ್ಲಿರುತ್ತವೆ. ವಿಜುವಲ್ ಸ್ಪೆಕ್, ಐಸಿಸ್, ಬಾಸ್ ತಂತ್ರಾಂಶಗಳಲ್ಲಿ ಯಾವುದರಲ್ಲಾದರೂ ತೆರೆಯಿರಿ. ಪೈಥಾನ್ ಗೊತ್ತಿದ್ದರೆ ಆಸ್ಟ್ರೋಪೈ ಇನ್ನೂ ಸಲೀಸು: ತಲೆಬರಹದಲ್ಲಿ ಮೊದಲ ಬಿಂದುವಿನ ತರಂಗಾಂತರ ಮತ್ತು ಒಂದೊಂದು ಬಿಂದುವಿಗೆ ಎಷ್ಟು ಆಂಗ್‌ಸ್ಟ್ರಾಮ್ (ತರಂಗಾಂತರದ ಮಾನ, ಮುಂದೆ ಬರುವ ರೇಖೆಗಳ ಸಂಖ್ಯೆಗಳೆಲ್ಲ ಇದರಲ್ಲೇ) ಅನ್ನುವುದು ಇರುತ್ತದೆ, ಎರಡರಿಂದ ಅಡ್ಡ ಅಕ್ಷ ತಯಾರು.

ಇಲ್ಲಿ ಎರಡು ಮೋಸಗಳಿವೆ. ಒಂದು, ಗಾಳಿಯ ತರಂಗಾಂತರವೋ ನಿರ್ವಾತದ್ದೋ ನೋಡಿ. ಎಚ್-ಆಲ್ಫಾ, ಅಂದರೆ ಹೈಡ್ರೋಜನ್ನಿನ ಕೆಂಪು ರೇಖೆ, ಗಾಳಿಯಲ್ಲಿ 6562.8, ನಿರ್ವಾತದಲ್ಲಿ 6564.6. ಎರಡನ್ನು ಬೆರೆಸಿದರೆ ಸೆಕೆಂಡಿಗೆ 80 ಕಿ.ಮೀ.ಗೂ ಜಾಸ್ತಿ ತಪ್ಪು. ಎರಡನೆಯದು ಭೂಮಿಯ ಓಟ. ಸೂರ್ಯನ ಸುತ್ತ ಸೆಕೆಂಡಿಗೆ 30 ಕಿ.ಮೀ. ಓಡುತ್ತಿದ್ದೇವಲ್ಲ, ತಿಂಗಳಿಂದ ತಿಂಗಳಿಗೆ ಹೋಲಿಸುವಾಗ ಅದನ್ನು ಕಳೆಯಬೇಕು. ಬಿಡಿಸುವ ಶಕ್ತಿ 600ರ ರೋಹಿತಕ್ಕೆ ಇದರ ಗೊಡವೆ ಬೇಡ.

ನಮ್ಮ ಗಾಳಿಯ ಗುರುತುಗಳನ್ನೂ ಮೊದಲೇ ಪೆನ್ಸಿಲ್‌ನಲ್ಲಿ ಗುರುತಿಸಿಡಿ: 6867 ಮತ್ತು 7594ರ ಹತ್ತಿರದ ಆಮ್ಲಜನಕದ ಪಟ್ಟಿಗಳು. ಇವು ನಕ್ಷತ್ರದ್ದಲ್ಲ. 5890, 5896ರ ಚೂಪಾದ ಸೋಡಿಯಂ ಹೀರಿಕೆಗಳು ನೋವಾಕ್ಕೂ ನಮಗೂ ನಡುವಿನ ಅನಿಲದ್ದು. ಇವು ತಿಂಗಳು ಕಳೆದರೂ ಜಾಗ ಬಿಟ್ಟು ಕದಲುವುದಿಲ್ಲ, ಹಾಗಾಗಿ ನಿಮ್ಮ ಅಳತೆ ಸರಿಯಿದೆಯೇ ಅಂತ ಪರೀಕ್ಷಿಸಲು ಒಳ್ಳೆಯ ಗೂಟ.

ಹೆಜ್ಜೆ 4: ಎಚ್-ಆಲ್ಫಾ ಒಂದನ್ನೇ ಹಿಡಿದು ಕೂರಿ

ಮೊದಲ ದಿನವೇ ಎಲ್ಲ ರೇಖೆಗಳ ಬೆನ್ನು ಹತ್ತಬೇಡಿ. ಮೊದಲ ವಾರದ ಒಂದು ರೋಹಿತ ತೆರೆದು 6450ರಿಂದ 6680ರವರೆಗೆ ಹಿಗ್ಗಿಸಿ. ನಡುವೆ ಎತ್ತರದ ಗೋಪುರ, ಅದರ ಎಡಗಡೆ, ಅಂದರೆ ನೀಲಿ ಕಡೆಗೆ, ಒಂದು ಕುಳಿ. ಇದಕ್ಕೆ ಪಿ ಸಿಗ್ನಿ ಆಕಾರ ಅನ್ನುತ್ತಾರೆ. ಎಲ್ಲ ದಿಕ್ಕಿಗೂ ಹರಡುತ್ತಿರುವ ಅನಿಲ ಗೋಪುರವನ್ನು ಕೊಡುತ್ತದೆ. ಅದರಲ್ಲಿ ನಮಗೂ ಬೆಳಗುವ ಮೈಗೂ ಅಡ್ಡ ನಿಂತ ಭಾಗ ನಮ್ಮ ಕಡೆಗೇ ನುಗ್ಗಿ ಬರುತ್ತಿರುತ್ತದೆ, ಆದ್ದರಿಂದ ಅದು ಹೀರುವ ಬೆಳಕು ನೀಲಿಯ ಕಡೆ ಸರಿದಿರುತ್ತದೆ.

ಈಗ ಕುಳಿಯ ತಳ ಎಲ್ಲಿದೆ ಅಂತ ಅಳೆಯಿರಿ. 6528.0 ಸಿಕ್ಕಿತು ಅಂದುಕೊಳ್ಳೋಣ. 6562.8ರಿಂದ ಕಳೆದರೆ 34.8. ಅದನ್ನು 6562.8ರಿಂದ ಭಾಗಿಸಿ 2,99,792ರಿಂದ ಗುಣಿಸಿ: ಸೆಕೆಂಡಿಗೆ ಸುಮಾರು 1590 ಕಿ.ಮೀ. ಕೂಡಲೇ ನಂಬಬೇಡಿ. ಅದೇ ವೇಗಕ್ಕೆ ಹೈಡ್ರೋಜನ್ನಿನದೇ ಇನ್ನೊಂದು ರೇಖೆ ಎಚ್-ಬೀಟಾದ ಕುಳಿ ಎಲ್ಲಿರಬೇಕು? 4861.3ರಿಂದ 25.8 ಕಡಿಮೆ, ಅಂದರೆ 4835.5ರ ಸುತ್ತ. ಅಲ್ಲಿ ಹೋಗಿ ನೋಡಿ. ಇದ್ದರೆ ಸರಿ. ಅಲ್ಲಿಲ್ಲ, ಎಲ್ಲೋ ದೂರದಲ್ಲಿದೆ ಅಂದರೆ ಕುಳಿ ಅಂದುಕೊಂಡದ್ದು ಬೇರೆ ಏನೋ, ಅಥವಾ ಅಳತೆ ಜಾರಿದೆ. ಎರಡೂ ಕಡೆ ಹತ್ತಿರ ಹತ್ತಿರ ಅದೇ ಸಂಖ್ಯೆ ಬಂದಾಗ ಆಗುವ ಖುಷಿಯೇ ಬೇರೆ, ಐದೂವರೆ ಸಾವಿರ ಬೆಳಕಿನ ವರ್ಷ ದೂರದ ಅನಿಲದ ವೇಗ ಕೂತಲ್ಲೇ ಸಿಕ್ಕಿಬಿಡುತ್ತದಲ್ವಾ.

ಹೀಗೆ ಹನ್ನೆರಡಕ್ಕೂ ಅಳೆದು ಪಟ್ಟಿ ಮಾಡಿ. ಮೊದಲ ದಿನಗಳಲ್ಲೇ ವೇಗ ಇಳಿಯುತ್ತಾ ಹೋಗುವುದು ಕಾಣುತ್ತದೆ. ಗಾಬರಿ ಬೇಡ, ಅನಿಲಕ್ಕೆ ಯಾರೋ ಬ್ರೇಕ್ ಹಾಕಿದ್ದಾರೆ ಅಂತಲ್ಲ. ಹೊರಗಿನ ವೇಗದ ಪದರ ತೆಳುವಾದಂತೆ ಒಳಗಿನ ನಿಧಾನದ ಪದರ ಕಾಣಿಸಿಕೊಳ್ಳುತ್ತದೆ. ಇನ್ನೊಂದು ಮಾತು, ಇದೇ ಜಾತಿಯ ಮತ್ತೆ ಮತ್ತೆ ಏರುವ ನೋವಾಗಳಲ್ಲಿ, ಉದಾಹರಣೆಗೆ 2007ರ ವಿ5558 ಸ್ಯಾಜಿಟ್ಟೇರಿಯಲ್ಲಿ, ಬೆಳಕು ಏರಿದಾಗ ಕುಳಿ ಬರುವುದು, ಇಳಿದಾಗ ಮಾಯವಾಗುವುದು ಕಂಡಿದೆ. ನಿಮ್ಮ ಪಟ್ಟಿಯಲ್ಲೂ "ಕುಳಿ ಇದೆ/ಇಲ್ಲ" ಅಂತ ಒಂದು ಕಾಲಂ ಇರಲಿ.

ಹೆಜ್ಜೆ 5: ಉಳಿದ ರೇಖೆಗಳಿಗೆ ಹೆಸರಿಡುವುದು

ನನ್ನ ಮಟ್ಟಿಗೆ ಇದೇ ಇಡೀ ಕೆಲಸದ ಜೀವ. ನಿಯಮ ಒಂದೇ: ಒಂಟಿ ರೇಖೆಗೆ ಹೆಸರಿಡಬೇಡಿ. ಅದರ ಅಣ್ಣತಮ್ಮಂದಿರು ಇದ್ದಾರಾ ನೋಡಿ.

ನನ್ನದೇ ಎಡವಟ್ಟು ಹೇಳುತ್ತೇನೆ. ಮೇ ತಿಂಗಳ ಒಂದು ರೋಹಿತದಲ್ಲಿ 5010 ದಾಟಿದ ಕಡೆ ಒಳ್ಳೆ ದಪ್ಪ ರೇಖೆ ಕಂಡೆ. ಆಮ್ಲಜನಕದ ಪ್ರಸಿದ್ಧ 5007 ಅಂದುಕೊಂಡು, "ನೋವಾ ನೆಬ್ಯುಲಾ ಹಂತಕ್ಕೆ ಬಂತು" (ಅನಿಲ ತೆಳುವಾಯಿತು) ಅಂತ ಗೆಳೆಯರಿಗೆಲ್ಲ ಮೆಸೇಜ್ ಹಾಕಿದೆ. ಒಬ್ಬ ಕೇಳಿದ: "4959 ಎಲ್ಲಿ?" ಅಷ್ಟೇ. ಆಮ್ಲಜನಕದ 5007 ಬಂದರೆ 4959 ಕೂಡ ಬರಲೇಬೇಕು, ಅದೂ ಮೂರರಲ್ಲಿ ಒಂದು ಪಾಲು ಬಲದಲ್ಲಿ. ಆ ಅನುಪಾತವನ್ನು ಪರಮಾಣುವೇ ನಿಗದಿ ಮಾಡಿದೆ, ನೋವಾದ ಮರ್ಜಿಯಲ್ಲ. ನಾನು ನೋಡಿದ್ದು ಕಬ್ಬಿಣದ 5018. ಪಕ್ಕದಲ್ಲೇ 4924, 5169 ಎರಡೂ ಬೆರಳು ತೋರಿಸಿ ನಿಂತಿದ್ದವು, ನಾನು ನೋಡಿರಲಿಲ್ಲ.

ಆ ಒಂದು ಸಂದಿಯಲ್ಲೇ ನಾಲ್ಕು ಜನ ಕೂತಿದ್ದಾರೆ, ನೋಡಿ. ನೈಟ್ರೋಜನ್-2ರದು 5001, ಇದ್ದರೆ 5679 ಕೂಡ ಇರಬೇಕು. ಆಮ್ಲಜನಕ-3ರದು 5007, ಜೊತೆಗೆ 4959. ಹೀಲಿಯಂ-1ರದು 5016, ಆದರೆ 5876, 6678, 7065 ಇಲ್ಲದೆ ಅದು ಒಂಟಿಯಾಗಿ ಬರುವುದಿಲ್ಲ. ಕಬ್ಬಿಣ-2ರದು 5018, ಜೊತೆಗೆ 4924, 5169. ಹೆಸರಿನ ಮುಂದಿನ ಸಂಖ್ಯೆಯಿಂದ ಒಂದು ಕಳೆದರೆ ಪರಮಾಣು ಎಷ್ಟು ಎಲೆಕ್ಟ್ರಾನ್ ಕಳೆದುಕೊಂಡಿದೆ ಅನ್ನುವುದು ಗೊತ್ತಾಗುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ಹಿಂದಿರುವ ಬೆಳಕು ಕಾವಿನದು.

ಹೀಲಿಯಂನ 5876 ಬಗ್ಗೆಯೂ ಜಾಗ್ರತೆ. 1868ರ ಗ್ರಹಣದ ಹೊತ್ತಿನಲ್ಲಿ ಸೂರ್ಯನಲ್ಲಿ ಕಂಡು ಹೊಸ ಧಾತುವಿನ ಸುಳಿವು ಕೊಟ್ಟ ಹಳದಿ ರೇಖೆ ಇದೇ. ನೋವಾದಲ್ಲಿ ಇದು ಅಗಲವಾಗಿ ಹರಡಿ ಸೋಡಿಯಂನ 5890ಕ್ಕೆ ಅಂಟಿಕೊಳ್ಳುತ್ತದೆ. 6678 ನೋಡಿಯೇ ತೀರ್ಮಾನಿಸಿ.

ಇದಿಷ್ಟು ಕೈಗೆ ಹತ್ತಿದ ಮೇಲೆ ಸಾಲಾಗಿ ನೋಡಿ. ಮೊದಲ ಕೆಲವು ಗಂಟೆಗಳ ರೋಹಿತದಲ್ಲಿ ಹೀಲಿಯಂ-2ರ 4686, ನೈಟ್ರೋಜನ್-3ರ 4640, ಕಾವಿನ ಗುರುತುಗಳು. ಒಂದೆರಡು ದಿನದಲ್ಲೇ ಅವು ಹೋಗಿ ನೈಟ್ರೋಜನ್-2, ಸಿಲಿಕಾನ್-2, ಆಮ್ಲಜನಕ-1 ಬರುತ್ತವೆ. ಮೇ ಶಿಖರದಲ್ಲಿ ಕಬ್ಬಿಣ-2 ತುಂಬಿ ತುಳುಕುತ್ತದೆ: 4924, 5018, 5169 ಅಲ್ಲದೆ 5198, 5235, 5276, 5317 ಒಂದರ ಪಕ್ಕ ಒಂದು, ಹಲ್ಲಿನ ಸಾಲಿನ ಹಾಗೆ. ಆಮೇಲೆ ಅವು ಸೊರಗಿ ಹೀಲಿಯಂ, ನೈಟ್ರೋಜನ್ ಮರಳುತ್ತವೆ. ರಾಬರ್ಟ್ ವಿಲಿಯಮ್ಸ್ 1992ರಲ್ಲಿ ನೋವಾಗಳನ್ನು "ಕಬ್ಬಿಣ-2" ಮತ್ತು "ಹೀಲಿಯಂ-ನೈಟ್ರೋಜನ್" ಅಂತ ಎರಡು ಗುಂಪು ಮಾಡಿದರು. ಈಚೆಗೆ ಎಲಿಯಾಸ್ ಅಯ್ದಿ ಮತ್ತು ಸಂಗಡಿಗರು ಹೇಳುತ್ತಿರುವುದು ಇವೆರಡೂ ಒಂದೇ ನೋವಾದ ಬೇರೆ ಬೇರೆ ಹೊತ್ತುಗಳು ಅಂತ. ವೇಗದ ನೋವಾದಲ್ಲಿ ಮೊದಲ ಹಂತ ಗಂಟೆಗಳಲ್ಲಿ ಮುಗಿದುಹೋಗುತ್ತದೆ, ಯಾರೂ ನೋಡಿರುವುದಿಲ್ಲ. ನಿಧಾನದ್ದು ಕಾದು ನಿಲ್ಲುತ್ತದೆ. ನಿಮ್ಮ ಹನ್ನೆರಡು ರೋಹಿತಗಳನ್ನು ಒಂದರ ಮೇಲೊಂದು ಪೇರಿಸಿ ಚಿತ್ರ ಬಿಡಿಸಿದರೆ ಇದು ಕಣ್ಣಿಗೇ ಕಟ್ಟುತ್ತದೆ.

ಹೆಜ್ಜೆ 6: ರೇಖೆಯ ಬಲ ಅಳೆಯುವಾಗಿನ ಬಲೆ

ಎಲ್ಲ ತಂತ್ರಾಂಶಗಳೂ ಸಮಾನ ಅಗಲ ಅನ್ನುವುದನ್ನು ಒಂದು ಕ್ಲಿಕ್‌ನಲ್ಲಿ ಕೊಡುತ್ತವೆ. ರೇಖೆಯ ಒಟ್ಟು ಬೆಳಕು ಅಕ್ಕಪಕ್ಕದ ಹಿನ್ನೆಲೆಯ ಎಷ್ಟು ಆಂಗ್‌ಸ್ಟ್ರಾಮ್‌ಗೆ ಸಮ ಅನ್ನುವ ಲೆಕ್ಕ ಅದು. ಏರಿಳಿಯುವ ನೋವಾದಲ್ಲಿ ಇದೊಂದನ್ನೇ ನಂಬಿದರೆ ಕೆಟ್ಟಿರಿ. ಕಾಂತಿಮಾನ 7.5 ಇದ್ದಾಗ ಎಚ್-ಆಲ್ಫಾದ ಸಮಾನ ಅಗಲ 100 ಇತ್ತು ಅಂತಿಟ್ಟುಕೊಳ್ಳಿ. ನಾಲ್ಕು ದಿನದಲ್ಲಿ ನೋವಾ 6.5ಕ್ಕೆ ಏರಿತು, ಅಳೆದರೆ 40. ರೇಖೆ ಸೊರಗಿತೇ? ಇಲ್ಲ. ಒಂದು ಕಾಂತಿಮಾನ ಅಂದರೆ ಹಿನ್ನೆಲೆ 2.512 ಪಟ್ಟು ಜಾಸ್ತಿಯಾಯಿತು. 40ನ್ನು 2.512ರಿಂದ ಗುಣಿಸಿದರೆ ಮತ್ತೆ 100. ರೇಖೆ ಇದ್ದಲ್ಲೇ ಇದೆ, ಹಿನ್ನೆಲೆ ಮಾತ್ರ ಎದ್ದು ನಿಂತಿದೆ. ಆದ್ದರಿಂದ ಸಮಾನ ಅಗಲವನ್ನು ಯಾವಾಗಲೂ ಅದೇ ರಾತ್ರಿಯ ಕಾಂತಿಮಾನದಿಂದ ಸಿಗುವ ಹಿನ್ನೆಲೆಯ ಬೆಳಕಿನಿಂದ ಗುಣಿಸಿಯೇ ಹೋಲಿಸಿ. ಗೋಡೆಗೆ ಅಂಟಿಸಿದ ಚಿತ್ರ ಈಗ ಉಪಯೋಗಕ್ಕೆ ಬಂತಲ್ಲ.

ಇನ್ನೊಂದು ಎಚ್ಚರಿಕೆ, ಪಠ್ಯಪುಸ್ತಕಗಳಲ್ಲಿ ಎಚ್-ಆಲ್ಫಾ ಮತ್ತು ಎಚ್-ಬೀಟಾ ಅನುಪಾತ 2.86 ಇರಬೇಕು, ಅದಕ್ಕಿಂತ ಹೆಚ್ಚಿದ್ದರೆ ನಡುವಿನ ದೂಳು ಕಾರಣ ಅಂತ ಓದಿರುತ್ತೀರಿ. ಅದು ತೆಳು ಅನಿಲಕ್ಕೆ. ನೋವಾದ ಮೊದಲ ತಿಂಗಳುಗಳಲ್ಲಿ ಅನಿಲ ದಟ್ಟ, ಬೆಳಕು ಒಳಗೇ ತಿರುಗಿ ತಿರುಗಿ ಬರುತ್ತದೆ, ಆ ಅನುಪಾತದಿಂದ ದೂಳಿನ ಲೆಕ್ಕ ಹಾಕಬೇಡಿ. ಆಮ್ಲಜನಕ-1ರ 8446 ಕೂಡ ಹೀಗೇ. ಅದು 7774ಕ್ಕಿಂತ ತೀರಾ ಬಲವಾಗಿದ್ದರೆ ಹೈಡ್ರೋಜನ್ನಿನ ಲೈಮನ್-ಬೀಟಾ ಎಂಬ ಅತಿನೇರಳೆ ಬೆಳಕು ಆಮ್ಲಜನಕಕ್ಕೆ ತುತ್ತು ಕೊಡುತ್ತಿದೆ ಅಂತ ಅರ್ಥ. ಅಲ್ಲಿ ಆಮ್ಲಜನಕ ಜಾಸ್ತಿ ಇದೆ ಅಂತ ಓದಬೇಡಿ.

ಹೆಜ್ಜೆ 7: ನಿಷಿದ್ಧ ರೇಖೆಗಳಿಗೆ ಕಾಯುವುದು

5007ರಂಥ ರೇಖೆಗಳನ್ನು ನಿಷಿದ್ಧ ರೇಖೆ ಅನ್ನುತ್ತಾರೆ. ಆ ಪರಮಾಣು ಬೆಳಕು ಬಿಡಬೇಕಾದರೆ ಅರ್ಧ ನಿಮಿಷಕ್ಕೂ ಜಾಸ್ತಿ ಸುಮ್ನೆ ಕೂತಿರಬೇಕು. ದಟ್ಟ ಅನಿಲದಲ್ಲಿ ಅಷ್ಟರೊಳಗೆ ಯಾರಾದರೂ ಬಂದು ಡಿಕ್ಕಿ ಹೊಡೆದಿರುತ್ತಾರೆ. ಅನಿಲ ತೆಳುವಾದ ಮೇಲೆ ಮಾತ್ರ ಇವು ಹೊಳೆಯುವುದು. 1864ರಲ್ಲಿ ವಿಲಿಯಂ ಹಗಿನ್ಸ್ ನೆಬ್ಯುಲಾದಲ್ಲಿ ಇವನ್ನು ಕಂಡ ಮೇಲೆ ಜನ ಹೊಸ ಧಾತು ಅಂತ "ನೆಬ್ಯುಲಿಯಂ" ಹೆಸರಿಟ್ಟಿದ್ದರು. ಆಮ್ಲಜನಕವೇ ಅಂತ ಇರಾ ಬೋವೆನ್ ತೋರಿಸಿದ್ದು 1927ರಲ್ಲಿ. ಪಾಪ, ನನ್ನ ಮೆಸೇಜಿಗಿಂತ ದೊಡ್ಡ ಎಡವಟ್ಟೇ ಅದು.

ನೈಟ್ರೋಜನ್-2ರ 5755 ಸ್ವಲ್ಪ ದಟ್ಟ ಅನಿಲವನ್ನೂ ತಡೆದುಕೊಳ್ಳುತ್ತದೆ, ಹಾಗಾಗಿ ಸಾಮಾನ್ಯವಾಗಿ ಅದು ಮೊದಲು. ಆಮ್ಲಜನಕದ 4363 ಇನ್ನೂ ಬಲವಾಗಿದ್ದು 5007 ಸಣಕಲಾಗಿದ್ದರೆ ಅನಿಲ ಇನ್ನೂ ದಟ್ಟ. ವಾರ ಕಳೆದಂತೆ 5007 ಮೇಲೇಳುವುದನ್ನು ನೋಡುತ್ತಾ ಹೋಗಿ.

ಹೆಜ್ಜೆ 8: ನಿಯಾನ್, ಈ ನೋವಾ ವಿಚಿತ್ರವಾದದ್ದು ಇಲ್ಲೇ

ನಿಯಾನ್-3ರ 3869 ಮತ್ತು ನಿಯಾನ್-5ರ 3426, ಎರಡೂ ನೀಲಿಯ ಆಚೆ ತುದಿಯಲ್ಲಿವೆ. ಬಹಳ ಹವ್ಯಾಸಿ ರೋಹಿತಗಳು 4000ಕ್ಕೇ ಮುಗಿದುಹೋಗುತ್ತವೆ. ಹಾಗಿದ್ದಾಗ ಪಟ್ಟಿಯಲ್ಲಿ ಆ ಜಾಗ ಖಾಲಿ ಬಿಡಿ, ಸೊನ್ನೆ ಹಾಕಬೇಡಿ. ನಿಯಾನ್-3ಕ್ಕೆ 3968ರಲ್ಲೂ ಒಂದು ರೇಖೆ ಇದೆ, ಆದರೆ ಹೈಡ್ರೋಜನ್ ಮತ್ತು ಕ್ಯಾಲ್ಸಿಯಂ ಎರಡೂ ಅಲ್ಲೇ ಬಂದು ಕೂರುತ್ತವೆ, ಅದನ್ನು ಸಾಕ್ಷಿಗೆ ಕರೆಯಬೇಡಿ.

ವಿ1405 ಕ್ಯಾಸ್‌ನಲ್ಲಿ ಕಾಲ ಕಳೆದ ಮೇಲೆ ನಿಯಾನ್ ಸಿಕ್ಕಿತು. ಜಾಸ್ತಿ ನಿಯಾನ್ ಅಂದರೆ ಕುಬ್ಜದ ಒಡಲು ಆಮ್ಲಜನಕ, ನಿಯಾನ್‌ಗಳದ್ದು. ಅಂಥವು ಭಾರದವು, ಸೂರ್ಯನ 1.1 ಪಟ್ಟಿಗಿಂತ ಕಡಿಮೆ ಇರಬಾರದು ಅಂತ ನಕ್ಷತ್ರ ವಿಕಾಸದ ಲೆಕ್ಕ. ಭಾರದ ಕುಬ್ಜ ಅಂದರೆ ವೇಗದ ನೋವಾ ಆಗಬೇಕು. ಇದೋ ಆಮೆ. ಕೆಂಟಾ ತಾಗುಚಿ ಮತ್ತು ಸಂಗಡಿಗರು ಮೊದಲ 82 ಗಂಟೆಗಳ ಆರು ರೋಹಿತಗಳನ್ನು ಬಿಡಿಸಿ 2023ರಲ್ಲಿ ಹೇಳಿದ್ದು ಇದನ್ನೇ: ನಿಯಾನ್ ಕಾಣುವ ಎಷ್ಟೋ ಮೊದಲೇ ನೈಟ್ರೋಜನ್-3 ಮತ್ತು ಅಲ್ಯುಮಿನಿಯಂ-2ರ ಬಲ ಅಂಥದೇ ಕುಬ್ಜವನ್ನು ತೋರಿಸುತ್ತಿತ್ತು, ನಿಧಾನಗತಿ ಮತ್ತು ಕಿರಿದಾದ ರೇಖೆಗಳು ನೋಡಿದರೆ ಅದು ಹಗುರವಾದದ್ದು, ಇದು ಆ ಲೆಕ್ಕಕ್ಕೇ ಸವಾಲು.

ಅಲ್ಯುಮಿನಿಯಂ ರೇಖೆ ಇರುವುದು 6237ರಲ್ಲಿ. ಕಬ್ಬಿಣ-2ಕ್ಕೂ 6238ರಲ್ಲಿ ಒಂದಿದೆ! ಹೇಗೆ ಬೇರೆ ಮಾಡುವುದು? ಹೆಜ್ಜೆ 5ರ ನಿಯಮವೇ. ಎರಡನೇ ದಿನದ ರೋಹಿತದಲ್ಲಿ 5169, 6456 ಹುಡುಕಿ. ಕಬ್ಬಿಣದ ಅಣ್ಣತಮ್ಮಂದಿರು ಮನೆಯಲ್ಲಿ ಇಲ್ಲ ಅಂದರೆ ಬಾಗಿಲಲ್ಲಿ ನಿಂತವನು ಬೇರೆಯವನು.

ನೀವೇ ತೆಗೆಯಬೇಕು ಅಂದರೆ

ಮುಂದಿನ ನೋವಾಕ್ಕೆ ತಯಾರಾಗಲು ಮಿಲಿಮೀಟರಿಗೆ 100 ಗೆರೆಗಳ ಗ್ರೇಟಿಂಗ್ (ಬೆಳಕನ್ನು ಬಣ್ಣಗಳಾಗಿ ಒಡೆಯುವ ಗೆರೆಗಳ ಗಾಜು) ಸಾಕು. ದೂರದರ್ಶಕದ ಕ್ಯಾಮೆರಾದ ಮುಂದೆ ಫಿಲ್ಟರಿನ ಹಾಗೆ ತಿರುಗಿಸಿ ಕೂರಿಸುವುದು. 3.75 ಮೈಕ್ರಾನ್ ಪಿಕ್ಸೆಲ್, ಗ್ರೇಟಿಂಗಿನಿಂದ ಸೆನ್ಸರಿಗೆ 40 ಮಿ.ಮೀ. ಇದ್ದರೆ ಒಂದು ಪಿಕ್ಸೆಲಿಗೆ ಸುಮಾರು 9.4 ಆಂಗ್‌ಸ್ಟ್ರಾಮ್. ಮೊದಲು ಅಭಿಜಿತ್ (ವೇಗಾ) ನಕ್ಷತ್ರದ ಮೇಲೆ ಅಭ್ಯಾಸ ಮಾಡಿ, ಅದರ ಹೈಡ್ರೋಜನ್ ಕುಳಿಗಳು ಎದ್ದು ಕಾಣುತ್ತವೆ, ಅಳತೆಗೋಲು ಅಲ್ಲೇ ಸಿಕ್ಕಿಬಿಡುತ್ತದೆ.

ಬೆಂಗಳೂರಿನಿಂದ ವಿ1405 ಕ್ಯಾಸ್ ಇರುವ ಜಾಗ ಉತ್ತರದಲ್ಲಿ ಹೆಚ್ಚೆಂದರೆ 42 ಡಿಗ್ರಿ ಎತ್ತರಕ್ಕೆ ಬರುತ್ತದೆ. ನೆತ್ತಿಯ ಮೇಲಿಗಿಂತ ಒಂದೂವರೆ ಪಟ್ಟು ಗಾಳಿ ದಾಟಿ ಬರುವ ಬೆಳಕು, ನೀಲಿ ಜಾಸ್ತಿ ಕಳೆದುಹೋಗುತ್ತದೆ. ಹೋಲಿಕೆಯ ನಕ್ಷತ್ರವನ್ನೂ ಅದೇ ಎತ್ತರದಲ್ಲಿ ಆರಿಸಿ. ಲಡಾಖಿನ ಹಾನ್ಲೆಯ 2 ಮೀಟರ್ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲೇ ಕೂತು ನಡೆಸುತ್ತಾರೆ, ಸಂಶೋಧನಾ ವಿದ್ಯಾರ್ಥಿಗಳು ಅರ್ಜಿ ಹಾಕಿ ಸಮಯ ಕೇಳಬಹುದು. ಉಳಿದವರಿಗೆ ತಾರಸಿ ಇದೆ.

ಮತ್ತೆ, ಎರಡು ಬಗೆಯ ಎಕ್ಸ್‌ಪೋಷರ್ ತೆಗೆಯಿರಿ. ಉದ್ದನೆಯದರಲ್ಲಿ ಎಚ್-ಆಲ್ಫಾದ ತಲೆ ಸುಟ್ಟು ಚಪ್ಪಟೆಯಾಗಿರುತ್ತದೆ, ಆದರೆ ಸಣ್ಣ ರೇಖೆಗಳು ಸಿಗುತ್ತವೆ. ಎಚ್-ಆಲ್ಫಾ ಅಳೆಯಲು ಚಿಕ್ಕದು ಬೇರೆ. ಕಡತದ ಹೆಸರಿನಲ್ಲಿ ಭಾರತದ ಸಮಯ ಬೇಡ, ಐದೂವರೆ ಗಂಟೆ ಕಳೆದು ಗ್ರೀನ್‌ವಿಚ್ ಸಮಯವನ್ನೇ ಹಾಕಿ.